ಹಿಂದೆ ಬರುವವನಿಗಾಗಿ ಒಂದು ಕೆಂಪು ದೀಪ

ವಾಹನದ ಮುಂದಿನ ದೀಪ ಅದನ್ನು ಓಡಿಸುವವನಿಗೆ ದಾರಿ ತೋರಿಸುತ್ತದೆ. ಒಳಗಿನ ದೀಪ ಪ್ರಯಾಣಿಕರಿಗೆ ನೆರವಾಗುತ್ತದೆ. ಹಿಂಬದಿಯ ಕೆಂಪು ದೀಪದಿಂದ ಮಾತ್ರ ಒಡೆಯನಿಗೆ ಕಣ್ಣಿಗೆ ಕಾಣುವ ಯಾವ ಅನುಕೂಲವೂ ಇಲ್ಲ. ಅದು ಉರಿಯುತ್ತಿದೆಯೋ ಇಲ್ಲವೋ ಎಂಬುದು ಕೂಡ ಆಸನದಲ್ಲಿ ಕುಳಿತ ಚಾಲಕನಿಗೆ ಸಾಮಾನ್ಯವಾಗಿ ತಿಳಿಯುವುದಿಲ್ಲ. ಹಿಂದೆ ಬರುತ್ತಿರುವ, ಹೆಸರು ಮುಖ ಗೊತ್ತಿಲ್ಲದ ಇನ್ನೊಬ್ಬನ ಸಲುವಾಗಿ ಹಚ್ಚಿಡುವ ದೀಪವದು. ಬಹುಶಃ ಆ ಕಾರಣಕ್ಕಾಗಿಯೇ ನಮ್ಮ ರಸ್ತೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಅಲಕ್ಷ್ಯಕ್ಕೆ ಗುರಿಯಾಗಿರುವ ದೀಪವೂ ಅದೇ ಆಗಿದೆ.

ಕಾನೂನು ಮಾತ್ರ ಈ ದೀಪವನ್ನು ಎಂದೂ ಹಗುರವಾಗಿ ಕಂಡಿಲ್ಲ. ಅದು ಎಷ್ಟು ಬಿಗಿಯಾಗಿರಬಲ್ಲದು ಎಂಬುದನ್ನು ತಿಳಿಯಬೇಕಾದರೆ ಹೊರದೇಶದಿಂದ ಬರುವ ಕಾರೊಂದರ ಬೆನ್ನು ಹತ್ತಿ ನೋಡಬೇಕು. ನಮ್ಮ ಆಮದು ನೀತಿಯ ಪ್ರಕಾರ ಇಲ್ಲಿಗೆ ಬರುವ ಕಾರಿನ ಸ್ಟಿಯರಿಂಗ್ ಬಲಗಡೆ ಇರಬೇಕು. ವೇಗಮಾಪಕ ಕಿಲೋಮೀಟರ್ ಲೆಕ್ಕದಲ್ಲಿ ತೋರಿಸಬೇಕು. ಮುಂದಿನ ದೀಪಗಳ ಬೆಳಕು ಎಡಬದಿಯ ಸಂಚಾರಕ್ಕೆ ಹೊಂದುವಂತೆ ಬೀಳಬೇಕು. ಅನಂತರ ಹಿಂಬದಿಯ ಸರದಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹಿಂದಿನ ಕೆಂಪು ದೀಪಗಳು 155 ಮೀಟರ್ ದೂರದಿಂದ ಕಾಣಬೇಕೆನ್ನುತ್ತವೆ. ನೋಂದಣಿ ಫಲಕದ ಮೇಲೆ ಬೀಳುವ ಬಿಳಿ ಬೆಳಕಿನಲ್ಲಿ 15 ಮೀಟರ್ ದೂರದಿಂದ ಸಂಖ್ಯೆಯನ್ನು ಓದಲು ಸಾಧ್ಯವಾಗಬೇಕು. ತಿರುವಿನ ಸೂಚಕ ಕಿತ್ತಳೆ ಛಾಯೆಯ ಹಳದಿಯಲ್ಲೇ ಮಿನುಗಬೇಕು. ಕೆಂಪು ಸಲ್ಲದು.

ಕೊನೆಯ ಈ ಷರತ್ತು ಚಿಕ್ಕದಾಗಿ ಕಂಡರೂ ಅದರ ಹಿಂದೆ ಎರಡು ಭೂಖಂಡಗಳ ನಡುವಿನ ಹಳೆಯ ಭಿನ್ನಾಭಿಪ್ರಾಯವಿದೆ. ಅಮೆರಿಕದಲ್ಲಿ ಹಿಂಬದಿಯ ಸೂಚಕ ಕೆಂಪಾಗಿಯೂ ಇರಬಹುದು, ಹಳದಿಯಾಗಿಯೂ ಇರಬಹುದು. ಅಲ್ಲಿನ ಎಷ್ಟೋ ವಾಹನಗಳಲ್ಲಿ ಬ್ರೇಕ್ ದೀಪವೇ ತಿರುವಿನ ಸೂಚಕವೂ ಆಗಿ ದುಡಿಯುತ್ತದೆ. ಚಾಲಕ ಬ್ರೇಕ್ ಒತ್ತಿ ಬಲಕ್ಕೆ ಸೂಚನೆ ಕೊಟ್ಟರೆ ಎಡಗಡೆಯ ಕೆಂಪು ದೀಪ ಸ್ಥಿರವಾಗಿ ಉರಿಯುತ್ತದೆ, ಬಲಗಡೆಯದು ಮಿನುಗುತ್ತದೆ. ಯುರೋಪ್ ಈ ಏರ್ಪಾಡನ್ನು ಬಿಟ್ಟು ಬಹಳ ಕಾಲವಾಯಿತು. ಭಾರತವೂ ಯುರೋಪಿನ ದಾರಿಯಲ್ಲೇ ಇದೆ. ಹೀಗಾಗಿ ಒಂದೇ ಮಾದರಿಯ ಕಾರು ಎರಡು ಬಗೆಯ ಬೆನ್ನು ಹೊತ್ತು ಕಾರ್ಖಾನೆಯಿಂದ ಹೊರಬೀಳುತ್ತದೆ. 2016ರಲ್ಲಿ ನಮ್ಮ ಮಾರುಕಟ್ಟೆಗೆ ಬಂದ ಫೋರ್ಡ್ ಮಸ್ಟ್ಯಾಂಗ್ ಇದಕ್ಕೆ ಒಳ್ಳೆಯ ನಿದರ್ಶನ. ತವರಿನಲ್ಲಿ ಅದು ಕೆಂಪಿನಲ್ಲಿ ಮಿನುಗುತ್ತದೆ. ಹೊರದೇಶಗಳಿಗೆ ಹೋಗುವಾಗ ಹಳದಿಗೆ ಬದಲಾಗುತ್ತದೆ.

ಕಾರ್ಖಾನೆ ಮಾಡದಿದ್ದ ಕೆಲಸವನ್ನು ಅನಂತರ ಗ್ಯಾರೇಜಿನಲ್ಲಿ ಮಾಡಬೇಕಾಗಿ ಬಂದರೆ ಅದು ಬರೀ ಬಲ್ಬ್ ಬದಲಾಯಿಸುವ ಕೆಲಸವಲ್ಲ. ಬ್ರೇಕಿಗೂ ಸೂಚಕಕ್ಕೂ ಒಂದೇ ತಂತಿ ಇದ್ದಲ್ಲಿ ಎರಡನ್ನೂ ಬೇರ್ಪಡಿಸಬೇಕು. ಸೂಚಕಕ್ಕೆ ಪ್ರತ್ಯೇಕ ದೀಪ, ಪ್ರತ್ಯೇಕ ತಂತಿ ಎಳೆಯಬೇಕು. ಕೆಂಪು ದೀಪ ಮಿನುಗದೆ ಬ್ರೇಕಿಗೆ ಮಾತ್ರ ಉರಿಯುವಂತೆ ನೋಡಿಕೊಳ್ಳಬೇಕು. ಸೂಚಕ ನಿಮಿಷಕ್ಕೆ 60ರಿಂದ 120 ಬಾರಿಯ ಮಿತಿಯೊಳಗೆ ಮಿನುಗಬೇಕು. ಅಮೆರಿಕದ ನೋಂದಣಿ ಫಲಕ ಗಿಡ್ಡ; ನಮ್ಮ ಕಾರುಗಳ ಉದ್ದನೆಯ ಫಲಕ 500 ಮಿಲಿಮೀಟರ್ ಅಗಲ, 120 ಮಿಲಿಮೀಟರ್ ಎತ್ತರದ್ದು. ಆದ್ದರಿಂದ ಫಲಕದ ದೀಪದ ಬೆಳಕು ಎರಡೂ ತುದಿಗಳಿಗೆ ತಲುಪುತ್ತದೆಯೇ ಎಂದು ನೋಡಬೇಕಾಗುತ್ತದೆ. ಹಿಂಬದಿಯಲ್ಲಿ ಮಂಜಿಗೆಂದು ಒಂದೇ ಒಂದು ಪ್ರಖರ ಕೆಂಪು ದೀಪವಿದ್ದರೆ, ಎಡಬದಿಯ ಸಂಚಾರವಿರುವ ದೇಶದಲ್ಲಿ ಅದು ಬಲಕ್ಕೆ ಅಥವಾ ನಡುವೆ ಇರಬೇಕೆಂಬುದು ಅಂತರರಾಷ್ಟ್ರೀಯ ರೂಢಿ.

ಇಷ್ಟೆಲ್ಲ ಕಟ್ಟುಪಾಡು ಏತಕ್ಕೆ, ಬಣ್ಣ ಯಾವುದಾದರೇನು ಎಂದು ಕೇಳುವವರಿದ್ದಾರೆ. ಉತ್ತರ ಅಮೆರಿಕದಿಂದಲೇ ಬಂದಿದೆ. ಅಲ್ಲಿನ ಹೆದ್ದಾರಿ ಸುರಕ್ಷತಾ ಆಡಳಿತ 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹಳದಿ ಸೂಚಕವಿದ್ದ ಕಾರುಗಳು ತಿರುವಿನಂಥ ಸಂದರ್ಭಗಳಲ್ಲಿ ಹಿಂದಿನಿಂದ ಗುದ್ದಿಸಿಕೊಳ್ಳುವ ಪ್ರಮಾಣ ಕೆಂಪು ಸೂಚಕವಿದ್ದವುಗಳಿಗಿಂತ 5.3 ಶೇಕಡದಷ್ಟು ಕಡಿಮೆಯಿತ್ತು. 1986ರ ಮಾದರಿಯಿಂದ ಆ ದೇಶ ಕಾರುಗಳಿಗೆ ಕಡ್ಡಾಯ ಮಾಡಿದ, ಹಿಂಗಾಜಿನ ಮಟ್ಟದಲ್ಲಿ ಉರಿಯುವ ಮೂರನೆಯ ಬ್ರೇಕ್ ದೀಪವೂ ಇಂಥದೇ ಫಲ ಕೊಟ್ಟಿತು. ಹಿಂಬದಿಯ ಡಿಕ್ಕಿಗಳು ದೀರ್ಘಾವಧಿಯಲ್ಲಿ 4.3 ಶೇಕಡ ತಗ್ಗಿದವು. ಒಂದು ಬಲ್ಬ್, ಒಂದು ಬಣ್ಣ ಇಷ್ಟನ್ನು ಮಾಡಬಲ್ಲವು. ಹಾಗಾಗಿ ಆಮದು ಕಾರಿನ ಹಿಂದೀಪದ ಬಗ್ಗೆ ಸರ್ಕಾರ ತೋರುವ ಕಟ್ಟುನಿಟ್ಟು ಅತಿಯಾಯಿತೆಂದು ನಾನು ಹೇಳಲಾರೆ.

ನನ್ನ ತಕರಾರು ಬೇರೆಯದು. ಕೋಟಿ ಬೆಲೆಯ ಬೆರಳೆಣಿಕೆಯ ಕಾರುಗಳ ಬೆನ್ನಿಗೆ ಇಷ್ಟು ಶ್ರದ್ಧೆಯಿಂದ ಅನ್ವಯವಾಗುವ ನಿಯಮ ನಮ್ಮ ಸೀಮೆಯ ಸಾವಿರಾರು ವಾಹನಗಳ ಬೆನ್ನನ್ನು ಏಕೆ ತಲುಪುವುದಿಲ್ಲ?

ಕತ್ತಲಾದ ಮೇಲೆ ಸಿದ್ದರಬೆಟ್ಟದ ಸುತ್ತಣ ದಾರಿಗಳಲ್ಲಿ ಸಂಚರಿಸಿದವರಿಗೆ ಈ ಪ್ರಶ್ನೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡ ತಾಲ್ಲೂಕುಗಳು ಬಯಲುಸೀಮೆಯ ದುಡಿಯುವ ನೆಲ. ಶೇಂಗಾ, ರಾಗಿ, ಹುಣಸೆ, ಜಾನುವಾರಿನ ಮೇವು, ಮನೆ ಕಟ್ಟುವ ಇಟ್ಟಿಗೆ, ಜಲ್ಲಿ ಎಲ್ಲವೂ ಟ್ರ್ಯಾಕ್ಟರಿನ ಟ್ರೇಲರ್ ಏರಿಯೇ ಸಾಗಬೇಕು. ಸುಗ್ಗಿಯ ದಿನಗಳಲ್ಲಿ ಈ ಸಾಗಾಟ ಇರುಳಿನವರೆಗೂ, ಕೆಲವೊಮ್ಮೆ ಬೆಳಗಿನ ಮಂಜಿನವರೆಗೂ ನಡೆಯುತ್ತದೆ. ಟ್ರ್ಯಾಕ್ಟರಿಗೆ ಮುಂದೆ ಎರಡು ದೀಪಗಳಿರುತ್ತವೆ. ಹಿಂದಿನ ಟ್ರೇಲರಿಗೆ ಅನೇಕ ವೇಳೆ ಏನೂ ಇರುವುದಿಲ್ಲ. ಇದ್ದರೂ ಎರಡೂ ಬದಿಗೆ ಚಾಚಿದ ರಾಗಿ ಹುಲ್ಲಿನ ಹೊರೆ ಅದನ್ನು ಮುಚ್ಚಿಬಿಟ್ಟಿರುತ್ತದೆ. ದೂರದಿಂದ ನೋಡುವವನಿಗೆ ರಸ್ತೆ ಖಾಲಿಯಾಗಿ ಕಾಣುತ್ತದೆ. ಹತ್ತಿರ ಬಂದಾಗ ಕತ್ತಲೆಯ ಒಂದು ಭಾಗವೇ ಗಟ್ಟಿಯಾಗಿ ಎದುರು ನಿಂತಂತಾಗುತ್ತದೆ.

ಹಿಂದೆ ಈ ಹಾದಿಗಳಲ್ಲಿ ಎತ್ತಿನ ಗಾಡಿಗಳು ಓಡಾಡುತ್ತಿದ್ದಾಗ ಅಚ್ಚಿನ ಕೆಳಗೆ ಒಂದು ಲಾಟೀನು ತೂಗುತ್ತಿತ್ತು. ಮೂಕಿಯ ಮೇಲೆ ಕುಳಿತ ಗಾಡಿಯವನು ತೂಕಡಿಸುತ್ತಿದ್ದರೂ ಹಿಂದೆ ಮುಂದೆ ಬರುವವರಿಗೆ ಗಾಡಿಯಿದೆ ಎಂಬುದು ಗೊತ್ತಾಗುತ್ತಿತ್ತು. ಗಾಡಿಯ ವೇಗ ನಡಿಗೆಯ ವೇಗವಾಗಿದ್ದ ಕಾಲದಲ್ಲಿ ದೀಪವಿತ್ತು. ವೇಗ ಹತ್ತಾರು ಪಟ್ಟು ಹೆಚ್ಚಿದ ಕಾಲದಲ್ಲಿ ದೀಪವಿಲ್ಲ. ಇದನ್ನು ಪ್ರಗತಿಯೆಂದು ಯಾವ ಲೆಕ್ಕದಲ್ಲಿ ಕರೆಯುವುದು?

ಲೆಕ್ಕವನ್ನೇ ಹಾಕಿ ನೋಡೋಣ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರು ಒಂದು ಸೆಕೆಂಡಿಗೆ 22 ಮೀಟರ್ ಕ್ರಮಿಸುತ್ತದೆ. ನಿಯಮ ಹೇಳುವಂತೆ 155 ಮೀಟರ್ ದೂರದಿಂದ ಕೆಂಪು ದೀಪ ಕಂಡರೆ ಚಾಲಕನಿಗೆ ಏಳು ಸೆಕೆಂಡು ಸಿಗುತ್ತದೆ. ದೀಪವಿಲ್ಲದ ಟ್ರೇಲರನ್ನು ಅವನ ಕಾರಿನ ತಗ್ಗಿಸಿದ ಬೆಳಕೇ ಹುಡುಕಿ ತೋರಿಸಬೇಕು. ಮಾಸಿದ, ಮಣ್ಣು ಮೆತ್ತಿದ ವಸ್ತುವನ್ನು ಆ ಬೆಳಕು ಸಾಮಾನ್ಯವಾಗಿ ಸುಮಾರು 50 ಮೀಟರ್ ಸಮೀಪದಲ್ಲಷ್ಟೇ ತೋರಿಸಬಲ್ಲದು. ಅಂದರೆ ಎರಡು ಸೆಕೆಂಡಿಗಿಂತ ತುಸು ಹೆಚ್ಚು. ಕಂಡದ್ದೇನೆಂದು ಮನಸ್ಸು ಗ್ರಹಿಸಿ ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಒಂದೂವರೆ ಸೆಕೆಂಡು ಕಳೆದಿರುತ್ತದೆ. ಒಣ ರಸ್ತೆಯಲ್ಲಿ ಒಳ್ಳೆಯ ಬ್ರೇಕ್ ಇದ್ದರೂ ಆ ವೇಗದ ಕಾರು ಪೂರ್ತಿ ನಿಲ್ಲಲು ಒಟ್ಟು 70 ಮೀಟರಿನಷ್ಟು ದೂರ ಬೇಕು. ಐವತ್ತರಲ್ಲಿ ಎಪ್ಪತ್ತನ್ನು ಹಿಡಿಸಲು ಯಾವ ಚಾಲಕನ ನೈಪುಣ್ಯಕ್ಕೂ ಸಾಧ್ಯವಿಲ್ಲ. ಎದುರಿನಿಂದ ಇನ್ನೊಂದು ವಾಹನದ ಪ್ರಖರ ಬೆಳಕು ಕಣ್ಣಿಗೆ ರಾಚುತ್ತಿದ್ದರಂತೂ ಆ 50 ಮೀಟರೂ ಉಳಿಯುವುದಿಲ್ಲ. ಇಂಥ ಅಪಘಾತಗಳ ಮರುದಿನ ಪತ್ರಿಕೆಗಳಲ್ಲಿ ‘ಅತಿವೇಗ, ಅಜಾಗರೂಕತೆ’ ಎಂಬ ಎರಡು ಪದಗಳು ತಪ್ಪದೆ ಅಚ್ಚಾಗುತ್ತವೆ. ಮುಂದಿದ್ದ ವಾಹನಕ್ಕೆ ದೀಪವಿತ್ತೇ ಎಂಬ ಪ್ರಶ್ನೆ ಅಪರೂಪಕ್ಕೆ ಏಳುತ್ತದೆ.

ಚಲಿಸುವ ಟ್ರೇಲರಿನ ಮಾತು ಹೀಗಾದರೆ ಕೆಟ್ಟು ನಿಂತ ಲಾರಿಯ ಮಾತು ಇನ್ನೂ ಭೀಕರ. ನಮ್ಮ ನೆರೆಯ ಚಿಕ್ಕಬಳ್ಳಾಪುರದ ಬಳಿ, ಪಾವಗಡದ ಜನ ಹೈದರಾಬಾದಿಗೂ ಬೆಂಗಳೂರಿಗೂ ಬಳಸುವ ಹೆದ್ದಾರಿಯಲ್ಲೇ, 2023ರ ಅಕ್ಟೋಬರ್ 26ರ ಮಂಜು ಕವಿದ ಬೆಳಗಿನಲ್ಲಿ ನಿಂತಿದ್ದ ಟ್ಯಾಂಕರಿಗೆ ಸುಮೋ ಡಿಕ್ಕಿ ಹೊಡೆದು 13 ಮಂದಿ ಸತ್ತರು. ಶಿರಾ ಪಟ್ಟಣದ ಮಗ್ಗುಲಲ್ಲಿ ಹಾದುಹೋಗುವ ಬೆಂಗಳೂರು–ಪುಣೆ ಹೆದ್ದಾರಿ ಮುಂದೆ ಹಾವೇರಿ ಜಿಲ್ಲೆಯನ್ನು ದಾಟುತ್ತದೆ. ಅದೇ ರಸ್ತೆಯಲ್ಲಿ, ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಬಳಿ, 2024ರ ಜೂನ್ 28ರ ನಸುಕಿನಲ್ಲಿ ನಿಂತಿದ್ದ ಲಾರಿಗೆ ಟೆಂಪೊ ಟ್ರಾವೆಲರ್ ಅಪ್ಪಳಿಸಿ ಮತ್ತೆ 13 ಮಂದಿ ಸತ್ತರು. ದೇವರ ದರ್ಶನ ಮುಗಿಸಿ ಊರಿಗೆ ಮರಳುತ್ತಿದ್ದವರು ಅವರು. ಪ್ರತಿಯೊಂದು ದುರ್ಘಟನೆಯಲ್ಲೂ ವೇಗ, ನಿದ್ರೆ, ಮಂಜು ಮೊದಲಾದ ಹಲವು ಕಾರಣಗಳು ಸೇರಿರಬಹುದು. ಯಾವುದರ ಪಾಲು ಎಷ್ಟೆಂಬುದನ್ನು ತನಿಖೆ ನಿರ್ಧರಿಸಬೇಕು. ಆದರೆ ರಸ್ತೆಯ ಮೇಲೆ ನಿಂತ ವಾಹನದ ಹಿಂಬದಿಯ ಎರಡು ಕೆಂಪು ದೀಪಗಳು ನಿಂತಾಗಲೂ ಉರಿಯುತ್ತಿರಬೇಕೆಂದು ನಿಯಮಗಳಲ್ಲಿ 109ನೆಯದು ಸ್ಪಷ್ಟವಾಗಿ ಹೇಳುತ್ತದೆ ಎಂಬುದು ಎಷ್ಟು ಜನ ಲಾರಿ ಮಾಲೀಕರಿಗೆ ತಿಳಿದಿದೆ? ಹೆದ್ದಾರಿಯ ಅಂಚಿನಲ್ಲಿ ನಾಲ್ಕು ಕಲ್ಲು, ಒಂದು ಸೊಪ್ಪಿನ ಕೊಂಬೆ ಇಟ್ಟು ಕರ್ತವ್ಯ ಮುಗಿಯಿತೆಂದುಕೊಳ್ಳುವುದೇ ಇಂದಿಗೂ ವಾಡಿಕೆ.

ಇದು ಒಂದೆರಡು ಘಟನೆಗಳ ಕಥೆಯೂ ಅಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಗಳಿಂದ ಸತ್ತವರು 1,68,491 ಮಂದಿ. ಆ ವರ್ಷದ ಅಪಘಾತಗಳಲ್ಲಿ ಐದರಲ್ಲೊಂದಕ್ಕಿಂತ ಹೆಚ್ಚು ಹಿಂದಿನಿಂದ ಗುದ್ದಿದವು. ಎದುರುಬದುರು ಡಿಕ್ಕಿಗಳ ಸಂಖ್ಯೆಯನ್ನೂ ಅವು ಮೀರಿದ್ದವು.

ಹಾಗಾದರೆ ರೈತನನ್ನು ಹಿಡಿದು ದಂಡ ಹಾಕಿದರೆ ಸಾಕೇ? ಹಾಗೆಂದು ತೀರ್ಮಾನಿಸುವುದು ಪಟ್ಟಣದಲ್ಲಿ ಕುಳಿತವರಿಗೆ ಸುಲಭ. ಕೊರಟಗೆರೆಯ ಕಡೆ ಟ್ರೇಲರ್ ದುರಸ್ತಿ ಮಾಡುವವರೊಬ್ಬರನ್ನು ನಾನು ಈ ಬಗ್ಗೆ ವಿಚಾರಿಸಿದಾಗ ಅವರು ವೆಲ್ಡಿಂಗ್ ಕನ್ನಡಕ ಹಣೆಗೇರಿಸಿ ಹೇಳಿದ್ದು ಇಷ್ಟು: ‘ಹೊಲಕ್ಕೆ ಇಳಿಯೋ ಗಾಡಿಗೆ ವೈರು ಎಷ್ಟು ದಿನ ನಿಲ್ಲುತ್ತೆ ಸಾರ್? ಮುಳ್ಳುಬೇಲಿಗೆ ಸಿಕ್ಕಿ ಕಿತ್ತು ಬರುತ್ತೆ, ಇಲ್ಲ ಇಲಿ ಕಡಿಯುತ್ತೆ. ಅವರೂ ಹಾಕಿಸಿ ಹಾಕಿಸಿ ಸಾಕಾಗಿ ಬಿಟ್ಟಿದ್ದಾರೆ.’ ಈ ಮಾತಿನಲ್ಲಿ ಸತ್ಯವಿದೆ. ಕಾನೂನಿನ ಕಣ್ಣಿನಲ್ಲಿ ಟ್ರೇಲರ್ ಕೂಡ ಮೋಟಾರು ವಾಹನವೇ. ಆದರೆ ಕಾರ್ಖಾನೆಯ ಕಾರಿಗಿರುವ ಪರೀಕ್ಷೆ, ಪ್ರಮಾಣಪತ್ರ, ಗುಣಮಟ್ಟದ ತಂತಿ ಇವು ಊರಿನ ಶೆಡ್ಡಿನಲ್ಲಿ ಬೆಸುಗೆ ಹಾಕಿ ಮಾಡಿದ ಟ್ರೇಲರಿಗೆ ಎಲ್ಲಿಂದ ಬರಬೇಕು? ದೀಪವನ್ನು ಕಡ್ಡಾಯ ಮಾಡಿದ ವ್ಯವಸ್ಥೆ ಹೊಲದ ಬದುವಿನಲ್ಲಿ ಬಾಳುವಂಥ ದೀಪವನ್ನು ಒದಗಿಸುವ ಹೊಣೆಯನ್ನು ಹೊತ್ತುಕೊಳ್ಳಲಿಲ್ಲ.

ದಂಡದ ದಾರಿಯ ಅನುಭವವೂ ನಮಗಿದೆ. 2019ರ ತಿದ್ದುಪಡಿ ಕಾಯ್ದೆ ಸಂಚಾರ ಅಪರಾಧಗಳ ದಂಡವನ್ನು ಹಲವು ಪಟ್ಟು ಏರಿಸಿತು. ಆ ಸೆಪ್ಟೆಂಬರಿನಲ್ಲೇ ಜನರ ಆಕ್ರೋಶಕ್ಕೆ ಮಣಿದು ಕರ್ನಾಟಕ ಸರ್ಕಾರ ಅನೇಕ ದಂಡಗಳನ್ನು ಇಳಿಸಿತು. ಏರಿದ್ದರಿಂದ ಟ್ರೇಲರಿಗೆ ದೀಪ ಬರಲಿಲ್ಲ. ಇಳಿದದ್ದರಿಂದ ಹೋಗಲೂ ಇಲ್ಲ. ದಂಡದ ಭಯ ಪೊಲೀಸರು ನಿಲ್ಲುವ ವೃತ್ತದವರೆಗೆ ಮಾತ್ರ. ಊರೊಳಗಿನ ಕತ್ತಲ ದಾರಿಯಲ್ಲಿ ಅದಕ್ಕೆ ಬೆಲೆಯಿಲ್ಲ.

ಮಾಡಬಹುದಾದ ಕೆಲಸಗಳು ದೊಡ್ಡವೇನೂ ಅಲ್ಲ. ಮೊದಲನೆಯದು, ಊರಿನವರು ‘ರೇಡಿಯಂ’ ಎಂದು ಕರೆಯುವ ಪ್ರತಿಫಲಕ ಪಟ್ಟಿ. ಅದಕ್ಕೆ ತಂತಿ ಬೇಡ, ಬ್ಯಾಟರಿ ಬೇಡ, ಇಲಿಯ ಹೆದರಿಕೆಯಿಲ್ಲ. ಹಿಂದಿನ ವಾಹನದ ಬೆಳಕನ್ನೇ ಹಿಂತಿರುಗಿಸಿ, ಆ 50 ಮೀಟರಿನ ಗಡಿಯನ್ನು ಅದು ಬಹಳ ದೂರಕ್ಕೆ ತಳ್ಳುತ್ತದೆ. ಕಬ್ಬಿನ ಸೀಮೆಗಳಲ್ಲಿ ನುರಿಯುವ ಹಂಗಾಮು ಆರಂಭವಾದಾಗ ಪೊಲೀಸರು ಟ್ರ್ಯಾಕ್ಟರುಗಳನ್ನು ನಿಲ್ಲಿಸಿ ಇಂಥ ಪಟ್ಟಿ ಅಂಟಿಸುವ ಪರಿಪಾಠವಿದೆ. ನಮ್ಮಲ್ಲಿ ಕಬ್ಬಿಲ್ಲದಿದ್ದರೇನು, ಶೇಂಗಾ, ರಾಗಿ ಇವೆ. ಮಧುಗಿರಿಗೆ ತನ್ನದೇ ಸಾರಿಗೆ ಕಚೇರಿಯಿದೆ. ಹೋಬಳಿಗೊಂದು ರೈತ ಸಂಪರ್ಕ ಕೇಂದ್ರವಿದೆ. ತಾಲ್ಲೂಕುಗಳಲ್ಲಿ ಎಪಿಎಂಸಿ ಪ್ರಾಂಗಣಗಳಿವೆ. ಬಿತ್ತನೆ ಬೀಜ ವಿತರಿಸುವ ಜಾಗದಲ್ಲೇ ಸುಗ್ಗಿಗೆ ಮುನ್ನ ಒಂದು ದಿನ ಪಟ್ಟಿ ಅಂಟಿಸುವ ಶಿಬಿರ ನಡೆಸಲು ಹೊಸ ಕಾಯ್ದೆಯೇನೂ ಬೇಕಾಗಿಲ್ಲ. ಹೊರೆ ಮುಚ್ಚದ ಜಾಗವನ್ನು ನೋಡಿ, ಚಕ್ರದ ಮೇಲಿನ ಅಂಚಿಗೂ ಹಿಂಬಾಗಿಲಿನ ಕೆಳಪಟ್ಟಿಗೂ ಅಂಟಿಸಬೇಕೆಂಬ ವಿವೇಕ ಮಾತ್ರ ಬೇಕು.

ಪಟ್ಟಿ ದೀಪಕ್ಕೆ ಬದಲಿಯಲ್ಲ ಎಂಬುದೂ ನಿಜ. ಬೆನ್ನಿಗೆ ಬರುವ ವಾಹನದ ಬೆಳಕು ಮಂಕಾಗಿದ್ದರೆ ಪಟ್ಟಿಯೂ ಮಂಕು. ಆದ್ದರಿಂದ ಎರಡನೆಯ ಹೆಜ್ಜೆ ಟ್ರೇಲರ್ ಹುಟ್ಟುವ ಜಾಗದಲ್ಲಿ ಆಗಬೇಕು. ದೀಪದ ಗೂಡನ್ನು ಕಬ್ಬಿಣದ ಚೌಕಟ್ಟಿನೊಳಗೆ ಹುದುಗಿಸಿ, ತಂತಿಯನ್ನು ಕೊಳವೆಯೊಳಗೆ ಹಾಯಿಸಿ ಕೊಡದ ಟ್ರೇಲರಿಗೆ ಬ್ಯಾಂಕಾಗಲಿ ಸಹಕಾರ ಸಂಘವಾಗಲಿ ಸಾಲ ಕೊಡಬಾರದು. ಸಾಲದ ಷರತ್ತು ಪೊಲೀಸರ ಚೀಟಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ತಂತಿಯೇ ಬೇಡವೆನ್ನುವವರಿಗೆ, ಹಗಲಿನ ಬಿಸಿಲು ಕುಡಿದು ಇರುಳು ಮಿನುಗುವ ಸಣ್ಣ ಎಲ್‌ಇಡಿ ದೀಪಗಳು ಇಂದು ಮಾರುಕಟ್ಟೆಯಲ್ಲಿವೆ. ಪಾವಗಡದ ತಿರುಮಣಿ, ವಳ್ಳೂರು ಸೀಮೆಯಲ್ಲಿ ಸುಮಾರು 13,000 ಎಕರೆ ನೆಲ ಬಿಸಿಲನ್ನು ಹಿಡಿದು 2,050 ಮೆಗಾವಾಟ್ ವಿದ್ಯುತ್ ಸಾಮರ್ಥ್ಯದ ಉದ್ಯಾನವಾಗಿದೆ. ಊರೂರಿಗೆ ಬೆಳಕು ಕಳಿಸುವ ತಾಲ್ಲೂಕಿನ ಟ್ರೇಲರಿನ ಬೆನ್ನಿಗೆ ಅಂಗೈಯಗಲದ ಒಂದು ಸೌರ ದೀಪ ದಕ್ಕುವುದಿಲ್ಲವೆಂದರೆ ಅದಕ್ಕಿಂತ ವಿಪರ್ಯಾಸ ಇನ್ನೊಂದಿಲ್ಲ.

ಇಷ್ಟು ಹೇಳಿದ ಮೇಲೆ, ಈ ಪುಟವನ್ನು ಓದುತ್ತಿರುವ ನಗರವಾಸಿಗಳು ತಮ್ಮ ಕಾರಿನ ಬೆನ್ನನ್ನೂ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ವಾರಾಂತ್ಯಕ್ಕೆ ಮಧುಗಿರಿಯ ಏಕಶಿಲಾ ಬೆಟ್ಟ ಹತ್ತಲು, ಸಿದ್ದರಬೆಟ್ಟದ ಗಿಡಮೂಲಿಕೆಗಳ ನಡುವೆ ಅಡ್ಡಾಡಲು, ಗೊರವನಹಳ್ಳಿಯ ಮಹಾಲಕ್ಷ್ಮಿಗೆ ಕೈಮುಗಿಯಲು ಬೆಂಗಳೂರಿನಿಂದ ಬರುವ ಕಾರುಗಳಲ್ಲಿ ಹೊಸದೊಂದು ಶೋಕಿ ಕಾಣುತ್ತಿದೆ. ಕೆಂಪು ಗಾಜಿನ ಮೇಲೆ ಹೊಗೆಬಣ್ಣದ ಹಾಳೆ ಅಂಟಿಸುವುದು, ಹಿಂದೆ ಕಣ್ಣು ಕುಕ್ಕುವ ಬಿಳಿ, ನೀಲಿ ಮಿಂಚುದೀಪ ಕಟ್ಟುವುದು, ‘ಇಂಪೋರ್ಟೆಡ್’ ಎಂಬ ಹೆಸರಿನಲ್ಲಿ ಮಾರುವ, ಯಾವ ದೇಶದ ನಿಯಮಕ್ಕೂ ಹೊಂದದ ದೀಪಗುಚ್ಛವನ್ನು ಸಾವಿರಾರು ರೂಪಾಯಿ ತೆತ್ತು ಕೂರಿಸುವುದು. ನಿಜವಾಗಿ ಆಮದಾದ ಕಾರು ನಮ್ಮ ನಿಯಮಕ್ಕೆ ಹೊಂದಿಕೊಳ್ಳಲು ತನ್ನ ಬಣ್ಣ ಬದಲಿಸುತ್ತದೆ. ನಿಯಮಕ್ಕೆ ಹೊಂದಿಯೇ ಹುಟ್ಟಿದ ದೇಶಿ ಕಾರು ಆಮದಿನಂತೆ ಕಾಣಲು ನಿಯಮವನ್ನು ಕಳಚುತ್ತದೆ! ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಅನುಮತಿಯಿಲ್ಲದ ಮಾರ್ಪಾಡು ಒಂದೊಂದಕ್ಕೂ ಐದು ಸಾವಿರ ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆವಾಸಕ್ಕೆ ಅದೇ ವರ್ಷದ ತಿದ್ದುಪಡಿ ಅವಕಾಶ ಕೊಟ್ಟಿದೆ. ರೈತನಿಗೆ ದೀಪವಿಲ್ಲದಿರುವುದಕ್ಕೆ ಬಡತನ, ಮಣ್ಣು, ಇಲಿ ಎಂಬ ಕಾರಣಗಳಾದರೂ ಇವೆ. ಇದ್ದ ದೀಪವನ್ನು ದುಡ್ಡು ಕೊಟ್ಟು ಮಂಕು ಮಾಡಿಕೊಳ್ಳುವವನಿಗೆ ಯಾವ ಕಾರಣವಿದೆ? ದಂಡವನ್ನು ಬಿಗಿಯಾಗಿ ಹಾಕುವುದಾದರೆ ಅದು ಇಲ್ಲಿಂದ ಶುರುವಾಗಲಿ.

ರಸ್ತೆ ಸುರಕ್ಷತೆಯೆಂದರೆ ನಮ್ಮಲ್ಲಿ ಹೆಲ್ಮೆಟ್, ಸೀಟ್ ಬೆಲ್ಟ್‌ಗಳ ಮಾತೇ ಹೆಚ್ಚು. ಅವು ಬೇಕು. ಆದರೆ ಅವೆರಡೂ ಧರಿಸಿದವನ ಪ್ರಾಣವನ್ನು ಕಾಯುತ್ತವೆ. ಹಿಂದೀಪದ ಸ್ವಭಾವ ಬೇರೆ. ನನ್ನ ಹಿಂದೀಪ ಮೊದಲು ಕಾಯುವುದು ಇನ್ನೊಬ್ಬನನ್ನು, ಅವನ ಮೂಲಕ ನನ್ನನ್ನು. ಅವನು ಸುಖವಾಗಿ ಊರು ಮುಟ್ಟಿದರೆ ಅದಕ್ಕೆ ನಾನು ಕಾರಣನೆಂದು ಅವನಿಗೆ ಎಂದೂ ಗೊತ್ತಾಗುವುದಿಲ್ಲ, ನನಗೂ ಗೊತ್ತಾಗುವುದಿಲ್ಲ. ನಾಗರಿಕತೆ ಎಂಬ ಮಾತಿಗೆ ಏನಾದರೂ ಅರ್ಥವಿದ್ದರೆ ಅದು ಇಂಥ, ಯಾರೂ ಎಣಿಕೆಗೆ ತೆಗೆದುಕೊಳ್ಳದ ಉಪಕಾರಗಳಲ್ಲಿದೆ.

ಮುಂಬರುವ ಸುಗ್ಗಿಯ ಹೊತ್ತಿಗೆ ಈ ನಾಲ್ಕು ತಾಲ್ಲೂಕುಗಳ ಟ್ರೇಲರುಗಳ ಬೆನ್ನಿಗೆ ಒಂದೊಂದು ಪಟ್ಟಿ, ಒಂದೊಂದು ಕೆಂಪು ದೀಪ ಬರುವಂತಾದರೆ, ಬಂದರಿನಲ್ಲಿ ಇಳಿಯುವ ಕಾರಿನ ಬೆನ್ನನ್ನು ಅಳೆಯುವ ನಿಯಮಕ್ಕೂ ಒಂದು ಗೌರವ ಬಂದೀತು. ಜಿಲ್ಲಾಡಳಿತ ಇದನ್ನು ಕೈಗೆತ್ತಿಕೊಳ್ಳಲು ಇನ್ನೊಂದು ಅಪಘಾತದ ಸುದ್ದಿಗಾಗಿ ಕಾಯಬೇಕಾಗಿಲ್ಲ.